ಮಾರಲಾಗದ ಗೂಡು

ಜಾಲಿ ಮರದಲ್ಲಿ ತಾನೇ ನೇಯ್ದ ಗೂಡನ್ನು ಮಾರಿ ಕೆರೆಯ ಆಚೆ ದಡಕ್ಕೆ ಹೋಗಬೇಕೆಂದು ಗೀಜಗ ಹಕ್ಕಿಯೊಂದು ನಿರ್ಧರಿಸಿತು. ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ರಾಟವಾಳ ಹಕ್ಕಿ ಒಂದು ಹಿಡಿ ನವಣೆಗೆ ಒಪ್ಪಿತು.

ಆ ಮರದ ಒಡೆಯನಾದ ಮುಸುವ ಕೋತಿ ಹೇಳಿತು: "ಗೂಡು ನಿನ್ನದು, ಕೊಂಬೆ ನನ್ನದು. ಮಾರಿದರೆ ಅರ್ಧ ನವಣೆ ನನಗೆ ಸಲ್ಲಬೇಕು. ಕೊಂಡವರು ಜಾಗದ ಬಾಡಿಗೆ ಬೇರೆ ಕೊಡಬೇಕು."

"ಹಾಗಾದರೆ ಗೂಡನ್ನೇ ಒಯ್ಯುತ್ತೇನೆ."

"ಧಾರಾಳವಾಗಿ ಒಯ್ಯು. ನಿನ್ನದನ್ನು ತಡೆಯಲು ನಾನ್ಯಾರು?"

ಗೀಜಗ ಕೊಂಬೆಗೆ ಸುತ್ತಿದ್ದ ಎಳೆಯನ್ನು ಬಿಚ್ಚತೊಡಗಿತು. ಗೂಡು ಸಡಿಲಗೊಂಡು ಹುಲ್ಲುಹುಲ್ಲಾಗಿ ಉದುರತೊಡಗಿತು. ಗಾಬರಿಗೊಂಡ ಗೀಜಗ ಎಳೆಯನ್ನು ಮತ್ತೆ ಬಿಗಿದು ಕಟ್ಟಿತು. ತನ್ನದೇ ಗೂಡನ್ನು ಮಾರಲೂ ಆಗದೆ, ಒಯ್ಯಲೂ ಆಗದೆ ಅದಕ್ಕೆ ದಿಕ್ಕೇ ತೋಚಲಿಲ್ಲ.

"ನಾನು ಮಾರುತ್ತಿರುವುದಾದರೂ ಏನನ್ನು?" ಎಂದು ರಾಟವಾಳವನ್ನು ಕೇಳಿತು.

"ಅದು ನನಗೂ ತಿಳಿಯುತ್ತಿಲ್ಲ," ಎಂದ ರಾಟವಾಳ, ಒಡೆಯನಿಲ್ಲದ ಪೊದೆಯನ್ನು ಹುಡುಕಿಕೊಂಡು ಹಾರಿಹೋಯಿತು.