ಮಲ್ಲಾಜಿ ಹಾಸಿದ ಅಂಗಳ

ಬಲು ಹಿಂದೆ, ವರ್ಷಗಳಿಗೆ ಲೆಕ್ಕ ಇಡುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ನೀಲಗಿರಿಯ ನೆತ್ತಿಯ ಮೇಲೆ ಒಂದು ಹಟ್ಟಿ ಇತ್ತಂತೆ. ಹನ್ನೆರಡು ಮನೆ, ಎಲ್ಲ ಒಂದೇ ಸಾಲು. ಆಗಿನ ಚಳಿ ಈಗಿನದಲ್ಲ ಕಣ್ರಪ್ಪ. ಕರೆದ ಹಾಲು ಕೊಟ್ಟಿಗೆಯಿಂದ ಒಲೆಗೆ ಬರುವಷ್ಟರಲ್ಲಿ ಗಟ್ಟಿಯಾಗುತ್ತಿತ್ತಂತೆ. ಎಮ್ಮೆಗಳ ರೆಪ್ಪೆಯ ಮೇಲೆ ಬಿಳಿ ಕೂರುತ್ತಿತ್ತಂತೆ.

ಸಾಲುಮನೆಗಳ ಮುಂದೆ ಉದ್ದಕ್ಕೂ ಒಂದು ಕಲ್ಲು ಹಾಸಿದ ಅಂಗಳ. ರಾಗಿ ಬಡಿಯುವುದು ಅಲ್ಲೇ, ಮದುವೆ ಅಲ್ಲೇ, ಸತ್ತವರನ್ನು ಕೊನೆಗೆ ಮಲಗಿಸುವುದೂ ಅಲ್ಲೇ. ಆದರೆ ಚಳಿಗಾಲ ಬಂತೆಂದರೆ ಆ ಕಲ್ಲುಗಳು ಎದ್ದು ಕೂರುತ್ತಿದ್ದವು. ಒಂದು ಕಲ್ಲು ಗೇಣು ಮೇಲೆದ್ದರೆ ಪಕ್ಕದ್ದು ವಾರೆಯಾಗುತ್ತಿತ್ತು. ಬೇಸಿಗೆಯಲ್ಲಿ ಬಡಿದು ಕೂರಿಸಿದರೆ ಚಳಿಗೆ ಮತ್ತೆ ಏಳುತ್ತಿದ್ದವು. ಕೆಳಗೇನೋ ಮಲಗಿದೆ, ಚಳಿ ತಡೆಯದೆ ಮಗ್ಗುಲು ಬದಲಿಸುತ್ತದೆ ಅನ್ನುತ್ತಿದ್ದರು ಜನ. ಹಾಲೆರೆದರು, ದೀಪ ಇಟ್ಟರು. ಅದು ಮಲಗಲಿಲ್ಲ.

ಒಂದು ವರ್ಷ ಹಟ್ಟಿಯ ಗೌಡನ ಸೊಸೆ ಕೆಂಚಿ, ಏಳು ತಿಂಗಳ ಬಸುರಿ, ನೀರಿನ ಕೊಡ ಹೊತ್ತು ಬರುವಾಗ ಎದ್ದ ಕಲ್ಲಿಗೆ ಎಡವಿ ಬಿದ್ದಳು. ಕೂಸು ಹೋಯಿತು. ಅಂದಿನಿಂದ ಕೆಂಚಿ ಮಾತು ಬಿಟ್ಟಳು. ಗೌಡ ಅಂಗಳದಲ್ಲಿ ನಿಂತು, ಈ ನೆಲ ನಮ್ಮನ್ನು ಒಲ್ಲೆ ಅನ್ನುತ್ತಿದೆ, ಬಿತ್ತನೆಗೆ ಮುಂಚೆ ಹಟ್ಟಿ ಬಿಟ್ಟು ಕೆಳಗಿಳಿಯೋಣ ಅಂದನಂತೆ. ಯಾರೂ ಬೇಡ ಅನ್ನಲಿಲ್ಲ.

ಅದೇ ದಿನಗಳಲ್ಲಿ ಮಲ್ಲಾಜಿ ಬೆಟ್ಟ ಹತ್ತಿ ಬಂದಳು. ಬಯಲುಸೀಮೆಯ ಕಲ್ಲುಕುಟಿಗರ ಹೆಣ್ಣು, ಗಂಡ ಸತ್ತವಳು. ಒಂದು ಕತ್ತೆ, ಒಂದು ಚೀಲ ಉಳಿ ಸುತ್ತಿಗೆ. ಸವೆದ ಬೀಸುಕಲ್ಲುಗಳಿಗೆ ಹಲ್ಲು ಹೊಡೆದುಕೊಡುವುದು ಅವಳ ಕಸುಬು. ಕೆಳಗಿನ ಊರುಗಳಲ್ಲಿ ಅಂಗಳಗಳನ್ನೂ ಹಾಸಿದ್ದಳು, ಹಾಸಿದ್ದೊಂದೂ ಅಲುಗಿರಲಿಲ್ಲ.

ಬಂದ ಮರುದಿನ ಬೆಳಿಗ್ಗೆ ನೋಡುತ್ತಾಳೆ, ಉಳಿ ಮಸೆಯಲು ಹೊರಗೆ ನೀರು ತುಂಬಿಟ್ಟಿದ್ದ ಮಡಕೆ ಒಡೆದು ಬಿದ್ದಿದೆ. ಮಡಕೆಯ ಆಕಾರದಲ್ಲಿ ನೀರು ಮಾತ್ರ ಗಟ್ಟಿಯಾಗಿ ನಿಂತಿದೆ. ಯಾರೂ ಮುಟ್ಟಿಲ್ಲ, ನೀರೇ ಮಡಕೆಯನ್ನು ಸೀಳಿದೆ. ಬಿಸಿಲು ಏರುವವರೆಗೂ ಅವಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳಂತೆ. ಗಂಜಿಗೆ ಕರೆದರೂ ಏಳಲಿಲ್ಲವಂತೆ.

ಆಮೇಲೆ ಎದ್ದು ಹಾರೆ ತಂದು, ನೆರಳಲ್ಲಿದ್ದ ಒಂದು ಕಲ್ಲನ್ನು ಮೀಟಿದಳು. ಕೆಳಗೆ ಕಪ್ಪು ಮಣ್ಣು. ಮಣ್ಣಿನಿಂದ ಬೆರಳುದ್ದದ ಬಿಳಿ ಸೂಜಿಗಳು ಒತ್ತೊತ್ತಾಗಿ ನಿಂತು ಕಲ್ಲನ್ನು ಎತ್ತಿ ಹಿಡಿದಿದ್ದವು. ಬಾಗಿಲಲ್ಲಿ ಸುಮ್ಮನೆ ಕೂತಿದ್ದ ಕೆಂಚಿಯನ್ನು ಕೈಹಿಡಿದು ಕರೆತಂದಳು.

"ನೋಡು ತಂಗಿ. ಭೂತ ಅಲ್ಲ, ನೀರು ಕಣವ್ವ. ಮಣ್ಣು ಕುಡಿದ ನೀರು."

ಕೆಂಚಿ ಒಂದು ಸೂಜಿ ಮುರಿದು ಅಂಗೈಯಲ್ಲಿಟ್ಟುಕೊಂಡಳು. ಅದು ಕರಗಿ ಒಂದು ಹನಿಯಾಯಿತು.

"ಇಷ್ಟಕ್ಕಾ ಅಕ್ಕಾ?" ಅಂದಳು. "ಇಷ್ಟು ನೀರಿಗಾ ನನ್ನ ಕೂಸು ಹೋದದ್ದು?"

ಮಲ್ಲಾಜಿಗೆ, ತನ್ನ ಕೈಗುಣ ಅಂದುಕೊಂಡದ್ದೆಲ್ಲ ಬಯಲಿನ ಬಿಸಿಲಿನ ಗುಣ, ಇಲ್ಲಿ ತನಗೇನೂ ತಿಳಿಯದು ಅನ್ನಿಸಿತು. ಹೊರಟುಬಿಡಲೆಂದು ಕತ್ತೆಯ ಮೇಲೆ ಹೇರಿದ್ದನ್ನೆಲ್ಲ ಮತ್ತೆ ಇಳಿಸಿ ಗೌಡನ ಹತ್ತಿರ ಹೋದಳು. ಒಂದು ಬೇಸಿಗೆ ಕೊಡಿ ಗೌಡ್ರೇ ಅಂದಳು.

"ಏನು ಮಾಡ್ತೀಯವ್ವ?"

"ಸೊಂಟದಾಳ ತೋಡ್ತೀನಿ."

"ಅಂಗಳ ಮಾಡ್ತೀಯೋ ಬಾವಿ ಮಾಡ್ತೀಯೋ?"

ಸುತ್ತ ನಿಂತವರು ನಕ್ಕರು. ಗೌಡ ನಗಲಿಲ್ಲ. ಒಂದು ಚಳಿಗಾಲ ನೋಡೋಣ, ಒಂದು ಕಲ್ಲು ಎದ್ದರೂ ನಾವು ಹಟ್ಟಿ ಬಿಡ್ತೀವಿ, ನೀನೂ ಈ ಬೆಟ್ಟಕ್ಕೆ ಮತ್ತೆ ಕಾಲಿಡಬೇಡ ಅಂದ. ಮೊದಲ ಬುಟ್ಟಿ ಮಣ್ಣು ಹೊತ್ತವಳು ಕೆಂಚಿ.

ಮೊದಲ ಏಳು ದಿನ ಮಲ್ಲಾಜಿ ಒಂದು ಕಲ್ಲನ್ನೂ ಮುಟ್ಟಲಿಲ್ಲವಂತೆ. ಕೊಡಗಟ್ಟಲೆ ನೀರು ಸುರಿದು, ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ ಎಂದು ನೋಡುತ್ತಾ ಕೂತಳಂತೆ. ಹುಚ್ಚಿ ನೆಲಕ್ಕೆ ನೀರು ಕುಡಿಸುತ್ತಾಳೆ ಅಂದರು. ಆಮೇಲೆ ತೋಡಿಸಿದಳು. ಕಪ್ಪು ಮಣ್ಣು ಮುಗಿದು ನೀರು ನಿಲ್ಲದ ಹಳದಿ ಗರಸು ಸಿಗುವವರೆಗೆ ತೋಡಿಸಿದಳು. ಆ ಗುಂಡಿಗೆ ಹಳ್ಳದ ಮುಷ್ಟಿಗಾತ್ರದ ಕಲ್ಲು ತುಂಬಿಸಿ ದಿಮ್ಮಿಸಿನಿಂದ ಬಡಿಸಿ ಗಟ್ಟಿ ಮಾಡಿಸಿದಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಮರಳು. ಗುಂಡಿಯ ತಗ್ಗಿನ ತುದಿಯಿಂದ ಹಳ್ಳದವರೆಗೆ ಕಾಲುವೆ ತೆಗೆಸಿದಳು. ನೀರು ಬಂದರೆ ನಿಲ್ಲಬಾರದು, ಇಳಿದು ಕಾಲುವೆ ಸೇರಿ ಹೋಗಬೇಕು ಅನ್ನುತ್ತಿದ್ದಳು. ಯಾರದೋ ಕಾಲಿಗಂಟಿ ಬಂದ ಒಂದು ಹಿಡಿ ನೀರು ಹಿಡಿಯುವ ಜೇಡಿಮಣ್ಣನ್ನೂ ಬಗ್ಗಿ ಆರಿಸಿ ಎಸೆಯುತ್ತಿದ್ದಳಂತೆ.

ಹಾಸುವ ಕಲ್ಲುಗಳನ್ನು ಹಳ್ಳದಲ್ಲಿ ಮೂರು ದಿನ ನೆನೆಹಾಕಿದಳು. ಹೊರತೆಗೆದು ಎತ್ತಿ ನೋಡಿ, ನೀರು ಕುಡಿದು ಭಾರವಾದದ್ದನ್ನೆಲ್ಲ ಬದಿಗೆ ಹಾಕಿದಳು. ಗೌಡನ ಅಪ್ಪ ಅಜ್ಜ ಕೂತು ನ್ಯಾಯ ಹೇಳಿದ ಕಲ್ಲೂ ಬದಿಗೆ ಹೋಯಿತು. ಜನ ಗೌಡನ ಮುಖ ನೋಡಿದರು. ಅವನು ಬಗ್ಗಿ ಮುಂದಿನ ಕಲ್ಲನ್ನು ಎತ್ತಿಕೊಟ್ಟ.

ಸಂದಿಗೆ ಗಾರೆ ಹಾಕಲಿಲ್ಲ. ಬರೀ ಮರಳು ತುಂಬಿದಳು, ಚಳಿ ಬಿಸಿಲಿಗೆ ಕಲ್ಲು ಮೈಮುರಿಯಲು ಜಾಗ ಬೇಕು ಅಂದಳು. ಅಂಚಿಗೆ ಉದ್ದ ಕಲ್ಲುಗಳನ್ನು ಅರ್ಧಕ್ಕರ್ಧ ಹೂತು ನಿಲ್ಲಿಸಿದಳು. ಮನೆಗಳಿಂದ ಹೊರಕ್ಕೆ ಇಳಿಜಾರು ಕೊಟ್ಟಳು. ಅದು ಎಷ್ಟು ಕಡಿಮೆ ಅಂದರೆ ಮನುಷ್ಯರ ಕಣ್ಣಿಗೆ ಕಾಣದು, ನೀರಿಗೆ ಮಾತ್ರ ಗೊತ್ತು. ಅವಳು ಚಪ್ಪಾಳೆ ತಟ್ಟಿದರೆ ಕಲ್ಲುಗಳು ತಾವೇ ಉರುಳಿ ಬಂದು ಕೂರುತ್ತಿದ್ದವು ಅಂತಲೂ ಹೇಳುತ್ತಾರೆ. ಅವಳ ಅಂಗೈ ನೋಡಿದವರು ಮಾತ್ರ ಹಾಗೆ ಹೇಳಲಿಲ್ಲವಂತೆ.

ಚಳಿಗಾಲ ಬಂತು. ಅಂಥ ಚಳಿ ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಹಳ್ಳ ಹನ್ನೊಂದು ದಿನ ನಿಂತಲ್ಲೇ ನಿಂತಿತಂತೆ. ಹಾರುತ್ತಿದ್ದ ಹಕ್ಕಿ ಹುಲ್ಲಿನ ಮೇಲೆ ಬಿದ್ದರೆ ಟಣ್ ಎಂದು ಸದ್ದಾಗುತ್ತಿತ್ತಂತೆ. ಮಲ್ಲಾಜಿ ದಿನಾ ಬೆಳಿಗ್ಗೆ ಮಂಡಿಯೂರಿ, ಒಂದೊಂದು ಕಲ್ಲಿನ ಮೇಲೂ ಅಂಗೈ ಇಟ್ಟು ನೋಡುತ್ತಿದ್ದಳು.

ಹನ್ನೆರಡನೆಯ ದಿನ, ಬೆಳಕು ಹರಿಯುವ ಹೊತ್ತು, ಗುಡುಗಿದ ಹಾಗೆ ಒಂದು ಸದ್ದಾಯಿತು. ಹನ್ನೆರಡು ಮನೆಯವರೂ ಹೊರಗೆ ಓಡಿಬಂದರು. ಹೋಯಿತು ಅಂದುಕೊಂಡಳು ಮಲ್ಲಾಜಿ, ಕಣ್ಣು ಮುಚ್ಚಿಕೊಂಡಳು. ತೆರೆದು ನೋಡಿದರೆ ಹಟ್ಟಿಯ ಹಿಂದಿನ ಆನೆಗಾತ್ರದ ಬಂಡೆ ಎರಡು ಹೋಳಾಗಿ ಬಿದ್ದಿದೆ. ಅಂಗಳದಲ್ಲಿ ಒಂದು ಕಲ್ಲೂ ಕೂದಲೆಳೆಯಷ್ಟು ಕದಲಿಲ್ಲ.

ಆಗ ಕೆಂಚಿ ಒಳಗೆ ಹೋಗಿ, ಒಲೆಯ ಬಳಿ ಇಟ್ಟಿದ್ದ ನೀರಿನ ಕೊಡವನ್ನು ತಲೆಯ ಮೇಲೆ ಹೊತ್ತು ಬಂದಳು. ಅತ್ತೆ ತಡೆಯಲು ಕೈಚಾಚಿದಳು, ಗೌಡ ಹೆಂಡತಿಯ ಕೈ ಹಿಡಿದುಕೊಂಡ. ಕೆಂಚಿ ಬರಿಗಾಲಲ್ಲಿ ಅಂಗಳದ ಆ ತುದಿಯಿಂದ ಈ ತುದಿಗೆ ನಡೆದಳು, ಒಮ್ಮೆಯೂ ನೆಲ ನೋಡಲಿಲ್ಲ. ಮಲ್ಲಾಜಿಯ ಮುಂದೆ ಬಂದು ಕೊಡ ಇಳಿಸಿದಳು. ಒಂದು ಹನಿ ತುಳುಕಿರಲಿಲ್ಲ. ಆಮೇಲೆ ಅಲ್ಲೇ ಕುಸಿದು ಕೂತು, ಅಷ್ಟು ತಿಂಗಳು ಅಳದಿದ್ದನ್ನೆಲ್ಲ ಅತ್ತಳು. ಮಲ್ಲಾಜಿ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು. ಗೌಡ ರುಮಾಲು ತೆಗೆದು ಆ ಕಲ್ಲುಗಳ ಮೇಲಿಟ್ಟನಂತೆ.

ಹಟ್ಟಿ ಅಲ್ಲೇ ಉಳಿಯಿತು. ಮಲ್ಲಾಜಿ ಬೆಟ್ಟದ ಹಟ್ಟಿಹಟ್ಟಿಗೂ ಹೋಗಿ ಅಂಗಳ ಹಾಸಿದಳು. ವರ್ಷವರ್ಷವೂ ಬೆಟ್ಟ ಹತ್ತಿ ಬರುತ್ತಿದ್ದವಳು ಒಂದು ವರ್ಷ ಬರಲಿಲ್ಲ. ಬಯಲಿನಲ್ಲಿ ಸತ್ತಳು ಅನ್ನುವವರುಂಟು. ಇನ್ನೂ ಮೇಲೆ, ಇನ್ನೂ ಚಳಿಯ ನಾಡಿಗೆ ಹೋದಳು ಅನ್ನುವವರೂ ಉಂಟು.

ಈಗಲೂ ಆ ಕಡೆಯ ಮನೆಗಳಲ್ಲಿ ಸೊಸೆ ಬಸುರಿಯಾದರೆ, ಐದನೆಯ ತಿಂಗಳಲ್ಲಿ ಅತ್ತೆ ಹಳ್ಳಕ್ಕೆ ಹೋಗಿ ಒಂದು ಮೊರ ಮರಳು ತರುತ್ತಾಳೆ. ಪೂಜೆ ಇಲ್ಲ, ಹಾಡು ಇಲ್ಲ. ಎಷ್ಟೇ ವಯಸ್ಸಾಗಿರಲಿ, ಅಂಗಳದಲ್ಲಿ ಮಂಡಿಯೂರಿ, ಸವೆದ ಸಂದಿಗಳಿಗೆಲ್ಲ ತನ್ನ ಕೈಯಾರೆ ಮರಳು ತುಂಬುತ್ತಾಳೆ. ಕೊನೆಯ ಹಿಡಿ ಹಾಕುವಾಗ ಮಾತ್ರ ಮೆಲ್ಲಗೆ, "ಮಲ್ಲಾಜೀ, ನಮ್ಮ ಹುಡುಗಿ ಓಡಾಡ್ತಾಳೆ" ಅನ್ನುತ್ತಾಳೆ.