ಕಲಾಯಿಗಾರನು ಕೊಂಡ ಮನೆ

ಶಿಷ್ಯನು ಕೇಳಿದನು: “ಗುರುಗಳೇ, ಮನಸ್ಸನ್ನು ಶುದ್ಧಮಾಡಿಕೊಂಡ ಮೇಲೆ ಧ್ಯಾನಕ್ಕೆ ಕೂರಬೇಕೆಂದು ಮೂರು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಸಿಟ್ಟನ್ನು ಅಡಗಿಸಿದರೆ ಹೊಟ್ಟೆಕಿಚ್ಚು ತಲೆ ಎತ್ತುತ್ತದೆ. ಅದನ್ನು ಹಿಡಿಯಲು ಹೋದರೆ ಸಿಟ್ಟು ಮರಳಿ ಬಂದಿರುತ್ತದೆ. ನನಗಿರುವ ಶಕ್ತಿ ಅಷ್ಟಕ್ಕಷ್ಟೆ. ಮೊದಲು ಯಾವುದನ್ನು ಸರಿಮಾಡಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಲಾಯಿಗಾರನಿದ್ದನು. ಊರೂರು ತಿರುಗಿ ಜನರ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ತವರ ಹಚ್ಚಿಕೊಡುವುದು ಅವನ ಕಸುಬು. ಅವನ ಹೆಂಡತಿಯ ಹೆಸರು ದ್ಯಾಮವ್ವ. ಮದುವೆಯಾಗಿ ಹದಿನಾಲ್ಕು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಆ ಹದಿನಾಲ್ಕು ವರ್ಷವೂ ಅವರು ಬಾಡಿಗೆಯ ಒಂದೇ ಕೋಣೆಯಲ್ಲಿ ಕಳೆದಿದ್ದರು.

ಬಾಡಿಗೆಯ ಮನೆಗೆ ಅದರದೇ ಕಟ್ಟಳೆಗಳಿರುತ್ತವೆ. ಗೋಡೆಗೆ ಮೊಳೆ ಹೊಡೆಯಬಾರದು. ಅಂಗಳದಲ್ಲಿ ಕೆಂಡ ಮಾಡಿ ತಿದಿ ಊದಬಾರದು. ನೆಂಟರು ಬಂದರೆ ಉಳಿಯಬಾರದು. ಒಮ್ಮೆ ದ್ಯಾಮವ್ವನ ತಾಯಿ ಮಗಳನ್ನು ನೋಡಲು ಬಂದಳು. ಆಕೆಗೆ ವಯಸ್ಸಾಗಿತ್ತು, ಮೊಣಕಾಲು ಹಿಡಿದುಕೊಂಡಿದ್ದವು. ಮೂರನೆಯ ದಿನ ಮನೆಯೊಡತಿ ಬಾಗಿಲಿಗೆ ಬಂದು, “ನಮ್ಮ ಬಾವಿಯಲ್ಲಿ ನೀರು ಕಡಿಮೆ” ಎಂದಳು. ಮುದುಕಿಗೆ ಅರ್ಥವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಗಂಟು ಕಟ್ಟಿದಳು. ಹೊರಡುವಾಗ ಮಗಳಿಗೆ, “ನಿನ್ನದು ಅಂತ ಒಂದು ಸೂರಾಗಲಿ. ಆಗ ಬಂದು ತಿಂಗಳೊಪ್ಪತ್ತು ಇರುತ್ತೇನೆ” ಎಂದಳು.

ಕಲಾಯಿಗಾರನಿಗೆ ಆ ಮಾತು ನಾಟಿತು. ಅವನು ಇನ್ನೂ ನಾಲ್ಕು ಊರುಗಳನ್ನು ಹೆಚ್ಚು ತಿರುಗಿದನು. ಹೊಗೆಸೊಪ್ಪು ಬಿಟ್ಟನು. ಕೂಡಿಟ್ಟದ್ದರಲ್ಲಿ ಒಂದು ಮನೆ ಕೊಂಡನು.

ಅದು ಓಣಿಯ ಕೊನೆಯಲ್ಲಿದ್ದ ಮಣ್ಣಿನ ಮಾಳಿಗೆಯ, ಎಂದರೆ ಜಂತಿಗಳ ಮೇಲೆ ಮಣ್ಣು ಹಾಸಿದ ಸೂರಿನ ಮನೆ. ಅದರ ವಾರಸುದಾರರು ತಮ್ಮತಮ್ಮಲ್ಲಿ ಜಗಳವಾಡಿ ಹನ್ನೊಂದು ವರ್ಷ ಬೀಗ ಹಾಕಿದ್ದರು. ಆಮೇಲೆ ಜಗಳಕ್ಕೂ ಬೇಸರ ಬಂದು ಸಿಕ್ಕಷ್ಟಕ್ಕೆ ಮಾರಿದರು. ಮಾಳಿಗೆ ಸೋರುತ್ತಿತ್ತು. ನಡುಮನೆಯ ತೊಲೆ ಬಾಗಿತ್ತು. ಬಾಗಿಲ ಚೌಕಟ್ಟನ್ನು ಗೆದ್ದಲು ತಿಂದಿತ್ತು. ನಾಲ್ಕು ಕೋಣೆಗಳಲ್ಲಿ ಪಡುವಣ ಕೋಣೆಗೆ ಮಾಳಿಗೆಯೇ ಇರಲಿಲ್ಲ. ಒಳಗೆ ಎಕ್ಕದ ಗಿಡ ಬೆಳೆದಿತ್ತು.

ಕಲಾಯಿಗಾರನು ಗೌಂಡಿಯನ್ನು ಕರೆತಂದು ತೋರಿಸಿದನು. ಗೌಂಡಿ ಗೋಡೆಗಳನ್ನು ತಟ್ಟಿ ನೋಡಿದನು. “ದುಡ್ಡಿದ್ದವನಿಗೆ ಇದು ಆರು ತಿಂಗಳ ಕೆಲಸ. ನಿನಗೆ ಎಷ್ಟು ವರ್ಷವೋ ನಾನು ಹೇಳಲಾರೆ” ಎಂದನು.

ದ್ಯಾಮವ್ವ ಹೇಳಿದಳು: “ಈಗಲೇ ಬಂದುಬಿಡೋಣ. ಇದ್ದುಕೊಂಡು ಮಾಡಿಸಿದರಾಯಿತು. ಅವ್ವನಿಗೂ ಹೇಳಿ ಕಳಿಸೋಣ.”

ಕಲಾಯಿಗಾರನು ಒಪ್ಪಲಿಲ್ಲ. ಅವನು ಕೆಟ್ಟವನಲ್ಲ. ಕೆಲಸದಲ್ಲಿ ಕಟ್ಟುನಿಟ್ಟಾದ ಮನುಷ್ಯ. ಒಂದು ಬೊಟ್ಟಿನಷ್ಟು ಜಾಗದಲ್ಲಿ ತವರ ಹಿಡಿಯದಿದ್ದರೂ ಪಾತ್ರೆಯನ್ನು ಮತ್ತೆ ಬೆಂಕಿಗೆ ಹಿಡಿಯುತ್ತಿದ್ದನೇ ಹೊರತು ಹಾಗೆಯೇ ಹಿಂದಿರುಗಿಸಿದವನಲ್ಲ. ಆ ಹೆಸರಿನಿಂದಲೇ ಅವನು ಬದುಕಿದ್ದನು. “ಅರ್ಧ ಮಾಡಿದ ಕೆಲಸವನ್ನು ನಾನು ಯಾರಿಗೂ ತೋರಿಸಿಲ್ಲ. ಸೋರುವ ಮನೆಗೆ ಅತ್ತೆಯನ್ನು ಕರೆಸಿದರೆ ಜನ ಏನೆಂದಾರು? ಎಲ್ಲ ಮುಗಿಯಲಿ. ತೋರಣ ಕಟ್ಟಿ, ಹಾಲು ಉಕ್ಕಿಸಿ, ಆಮೇಲೆ ಕರೆಸೋಣ” ಎಂದನು.

ದ್ಯಾಮವ್ವ ಬಾಡಿಗೆಯ ಕೋಣೆಗೆ ಮರಳಿದಳು.

ಮೊದಲನೆಯ ವರ್ಷ ಅವನು ಬಾಗಿಲಿಗೆ ಹೊಸ ಚೌಕಟ್ಟು ಹಾಕಿಸಿದನು. ಎದುರಿನ ಗೋಡೆಗೆ ಗಾರೆ ಮಾಡಿಸಿ ಸುಣ್ಣ ಬಳಿಸಿದನು. ಬೀಗ ಹಾಕಿ ತಿರುಗಾಟಕ್ಕೆ ಹೋದನು. ಮೂರು ತಿಂಗಳ ನಂತರ ಬಂದು ನೋಡಿದಾಗ ಹೊಸ ಚೌಕಟ್ಟಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಎದೆಯೆತ್ತರಕ್ಕೆ ಏರಿತ್ತು. ಗಾರೆಯ ಹಿಂದೆ ನೀರು ಇಳಿದು ಗೋಡೆ ಉಬ್ಬಿತ್ತು.

ಅವನು ಗೆದ್ದಲನ್ನು ಕೆರೆದು ಹಾಕಿದನು. ಗಾರೆಯನ್ನು ಕಿತ್ತು ಮತ್ತೆ ಮಾಡಿಸಿದನು. ಒಂದು ವರ್ಷದ ಗಳಿಕೆ ಒಂದೇ ಗೋಡೆಯಲ್ಲಿ ಎರಡು ಸಲ ಕರಗಿತು. ಅತ್ತ ಬಾಡಿಗೆಯೂ ನಡೆದೇ ಇತ್ತು.

ಎರಡನೆಯ ವರ್ಷ ಹೊಟ್ಟೆ ಬಟ್ಟೆ ಕಟ್ಟಿ ನಡುಮನೆಗೆ ಹೊಸ ತೊಲೆ ಕೂಡಿಸಿದನು. ತೇಗದ ತೊಲೆ. ಅದನ್ನು ಏರಿಸುವ ದಿನ ಓಣಿಯವರೆಲ್ಲ ಹೆಗಲು ಕೊಟ್ಟರು. ಅವನು ಎಲ್ಲರಿಗೂ ಬೆಲ್ಲ ಹಂಚಿದನು. ದ್ಯಾಮವ್ವನಿಗೆ, “ಇನ್ನು ಬಹಳವಿಲ್ಲ” ಎಂದನು. ಆಮೇಲೆ ಬೀಗ ಹಾಕಿದನು.

ಆ ಮಳೆಗಾಲ ಗಾಳಿಗೆ ಹಾರಿಬಂದ ಬೇವಿನೆಲೆ, ಕಸ ಮಾಳಿಗೆಯ ದೋಣಿಗೆ ಸಿಕ್ಕಿಕೊಂಡಿತು. ನೀರು ಹೊರಗೆ ಹೋಗುವ ದಾರಿ ಅದೊಂದೇ. ಕೈ ಹಾಕಿ ತೆಗೆದರೆ ಒಂದು ಹಿಡಿಯಷ್ಟು ಕಸ. ತೆಗೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ನಾಲ್ಕು ದಿನ ಮಾಳಿಗೆಯ ಮೇಲೆ ನೀರು ನಿಂತಿತು. ಮಣ್ಣು ನೀರು ಕುಡಿದು ಭಾರವಾಯಿತು. ಐದನೆಯ ದಿನ ನಡುಮನೆಯ ಮೂಲೆ ಕುಸಿಯಿತು. ತೊಲೆ ಮುರಿಯಲಿಲ್ಲ. ಆದರೆ ಅದನ್ನು ಹೊತ್ತಿದ್ದ ಗೋಡೆ ಜಾರಿ, ಅದರ ಒಂದು ತುದಿ ನೆಲಕ್ಕೆ ಬಂತು.

ಅದೇ ಮಳೆಗಾಲದಲ್ಲಿ ಮುದುಕಿ ಹೇಳಿ ಕಳಿಸಿದ್ದಳು, “ಮನೆ ಆಯಿತೇ?” ಎಂದು. ಕಲಾಯಿಗಾರನು, “ದೀಪಾವಳಿಗೆ” ಎಂದು ಹೇಳಿ ಕಳಿಸಿದನು. ದೀಪಾವಳಿ ಬಂತು. ಹೋಯಿತು. ಸಂಕ್ರಾಂತಿಗೆ ಮುಂಚೆ ಮುದುಕಿ ಜ್ವರದಲ್ಲಿ ತೀರಿಕೊಂಡಳು.

ದ್ಯಾಮವ್ವ ತವರಿಗೆ ಹೋಗಿ ಎಲ್ಲ ಮುಗಿಸಿಕೊಂಡು ಬಂದಳು. ಗಂಡನ ಮುಂದೆ ಅಳಲಿಲ್ಲ, ದೂರಲೂ ಇಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಕಲಾಯಿಗಾರನ ಕೈ ಸೋತಿತು. ಆ ಮನೆಯ ಕಡೆ ಹೋಗುವುದನ್ನೇ ಬಿಟ್ಟನು. ಕೆಲವು ತಿಂಗಳು ಹಾಗೆಯೇ ಕಳೆದವು. ಮತ್ತೆ ಮಳೆಗಾಲ ಬರುವ ಹೊತ್ತಿಗೆ ಅವನು ಒಂದು ತೀರ್ಮಾನಕ್ಕೆ ಬಂದನು. “ಅದು ನಮಗೆ ಆಗಿಬರುವ ಮನೆಯಲ್ಲ. ಕಲ್ಲಿನ ಬೆಲೆ ಬಂದರೂ ಸಾಕು, ಮಾರಿಬಿಡುತ್ತೇನೆ. ಈ ಸಲದ ತಿರುಗಾಟದಲ್ಲಿ ಯಾರಾದರೂ ಕೊಳ್ಳುವವರು ಸಿಕ್ಕಾರು” ಎಂದು ಹೆಂಡತಿಗೆ ಹೇಳಿ, ತಿದಿಯನ್ನು ಹೆಗಲಿಗೇರಿಸಿಕೊಂಡು ಹೊರಟನು.

ಅವನು ಹೋದ ಮರುದಿನವೇ ಮೊದಲ ಮಳೆ ಬಿತ್ತು. ಮೂರನೆಯ ದಿನ ದ್ಯಾಮವ್ವ ಬಾಡಿಗೆಯ ಕೋಣೆಯನ್ನು ಗುಡಿಸಿ ಸಾರಿಸಿ, ಕೀಲಿಯನ್ನು ಮನೆಯೊಡತಿಯ ಕೈಗಿಟ್ಟಳು. ಹಾಸಿಗೆ, ಎರಡು ಗಡಿಗೆ, ರೊಟ್ಟಿಯ ಹಂಚು, ಜೋಳದ ಚೀಲ. ಎರಡು ಸಲ ಹೊತ್ತು ಓಣಿಯ ಕೊನೆಯ ಮನೆಗೆ ತಂದಳು. ಹೊರಗೆ ಬಿದ್ದಿದ್ದ ಮೂರು ಕಲ್ಲುಗಳನ್ನು ಒಳಗೆ ತಂದು ಒಲೆ ಹೂಡಿದಳು.

ಪಕ್ಕದ ಮನೆಯ ಮುದುಕಿಯೊಬ್ಬಳು ಬಂದು ಇಣುಕಿ ನೋಡಿದಳು. “ಇದು ಬೀಳುವ ಮನೆ, ಒಬ್ಬಳೇ ಬಂದಿದ್ದೀಯಲ್ಲೇ” ಎಂದಳು.

“ಬೀಳುವುದನ್ನು ನೋಡುವುದಕ್ಕಾದರೂ ಒಬ್ಬರು ಇರಬೇಕಲ್ಲ” ಎಂದಳು ದ್ಯಾಮವ್ವ.

ಮತ್ತೆ ಮಳೆ ಬಂತು. ಸೋರುವಲ್ಲಿ ಗಡಿಗೆ ಇಟ್ಟಳು. ಗಡಿಗೆ ತುಂಬಿದಾಗ ಹೊರಗೆ ಚೆಲ್ಲಿದಳು. ಹಾಗೆ ಎದ್ದು ಕೂತು ಮಾಡುವಾಗ ಅವಳಿಗೆ ಒಂದು ವಿಷಯ ಕಂಡಿತು. ನೀರು ಬೀಳುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ. ಬಡಗಣ ಗೋಡೆಯ ತಲೆಯಲ್ಲಿ ಒಂದು ಇಲಿಬಿಲ ಇತ್ತು. ನೀರು ಅಲ್ಲಿ ನುಗ್ಗಿ, ಜಂತಿಯ ಗುಂಟ ಹರಿದು, ಹತ್ತು ಹೆಜ್ಜೆ ಆಚೆ ತೊಟ್ಟಿಕ್ಕುತ್ತಿತ್ತು. ಗೌಂಡಿ ಬೇಸಿಗೆಯಲ್ಲಿ ಬಂದವನು. ಅವನು ನೀರಿನ ಕಲೆಯಿದ್ದಲ್ಲಿ ಮಣ್ಣು ಮೆತ್ತಿ ಹೋಗಿದ್ದನು.

ಮಳೆ ನಿಂತು ಹೊಳವಾದಾಗ ಅವಳು ಮಾಳಿಗೆ ಹತ್ತಿದಳು. ಹಳ್ಳದ ದಂಡೆಯಿಂದ ನೀರು ಬಿಡದ ಸವಳು ಮಣ್ಣನ್ನು ಎರಡು ಬುಟ್ಟಿ ತಂದು ಬಿಲಕ್ಕೆ ತುಂಬಿ ತುಳಿದಳು. ದೋಣಿಯ ಕಸ ತೆಗೆದಳು. ಕುಸಿದ ಮೂಲೆಯೊಂದನ್ನು ಬಿಟ್ಟರೆ, ಮುಂದಿನ ಮಳೆಗೆ ಏಳು ಕಡೆ ಸೋರುತ್ತಿದ್ದ ಮನೆ ಎರಡು ಕಡೆ ಸೋರಿತು.

ಪಡುವಣ ಕೋಣೆ ತನ್ನಿಂದ ಆಗುವುದಲ್ಲ ಎಂದು ಅವಳಿಗೆ ತಿಳಿಯಿತು. ಅದರ ಆಸೆ ಬಿಟ್ಟಳು. ಅದರ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಳು. ಬಾಡಿಗೆ ಕೊಡದೆ ಉಳಿದ ಹಣವನ್ನು ಗೌಂಡಿಯ ಎರಡು ದಿನದ ಕೂಲಿಗೆ ಕೊಟ್ಟು, ಆ ಕಲ್ಲುಗಳಿಂದ ನಡುಮನೆಯ ಜಾರಿದ ಗೋಡೆ ಕಟ್ಟಿಸಿದಳು. ಓಣಿಯವರು ಮತ್ತೆ ಹೆಗಲು ಕೊಟ್ಟರು. ನೆಲಕ್ಕೆ ಬಂದಿದ್ದ ತೊಲೆಯ ತುದಿ ಮೇಲೇರಿತು, ಕುಸಿದ ಮೂಲೆ ಮತ್ತೆ ಮುಚ್ಚಿತು. ದಿನವೂ ಒಲೆಯ ಹೊಗೆ ಜಂತಿಗಳಿಗೆ ತಾಗುತ್ತಿತ್ತು. ಗೆದ್ದಲು ಒಂದೊಂದೇ ಗೆರೆಯಾಗಿ ಒಣಗಿ ಉದುರಿತು. ಮನುಷ್ಯರು ಓಡಾಡುವ ಮನೆಯಲ್ಲಿ ಇಲಿಗಳಿಗೂ ಮೊದಲಿನ ಸಲಿಗೆ ಉಳಿಯಲಿಲ್ಲ.

ಎರಡೂವರೆ ತಿಂಗಳ ನಂತರ ಕಲಾಯಿಗಾರನು ಒಬ್ಬ ವ್ಯಾಪಾರಿಯನ್ನು ಕರೆದುಕೊಂಡು ಬಂದನು. ವ್ಯಾಪಾರಿಗೆ ಹತ್ತಿ ತುಂಬಿಡಲು ಒಂದು ಉಗ್ರಾಣ ಬೇಕಿತ್ತು. ದಾರಿಯುದ್ದಕ್ಕೂ ಕಲಾಯಿಗಾರನು ಮನೆಯ ದೋಷಗಳನ್ನೆಲ್ಲ ಮುಚ್ಚಿಡದೆ ಹೇಳಿದ್ದನು. ಅದು ಅವನ ಸ್ವಭಾವ.

ಓಣಿಯ ತಿರುವಿನಲ್ಲಿ ವ್ಯಾಪಾರಿ ನಿಂತನು. “ಪಾಳು ಬಿದ್ದಿದೆ ಎಂದೆ. ಬೆಳಕಿಂಡಿಯಲ್ಲಿ ಹೊಗೆ ಬರುತ್ತಿದೆಯಲ್ಲ” ಎಂದನು.

ಬಾಗಿಲು ತೆರೆದಿತ್ತು. ದ್ಯಾಮವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಒಂದು ಗೋಡೆಗೆ ಗಾರೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ನೆಲದ ಅರ್ಧಕ್ಕೆ ಸಗಣಿ ಸಾರಿಸಿತ್ತು, ಉಳಿದರ್ಧ ಹಾಗೆಯೇ ಇತ್ತು. ಗಾರೆಯಿಲ್ಲದ ಗೋಡೆಗೆ ಮೊಳೆ ಹೊಡೆದು ಅವಳು ಸೀರೆ ನೇತುಹಾಕಿದ್ದಳು.

ಪರವೂರಿನವನ ಎದುರಿಗೆ ತನ್ನ ಅರ್ಧ ಕೆಲಸ ಬಯಲಾಗಿ ನಿಂತದ್ದು ಕಂಡು ಕಲಾಯಿಗಾರನಿಗೆ ಮುಖ ಬಿಸಿಯಾಯಿತು. “ನನಗೆ ಹೇಳದೆ ಯಾಕೆ ಬಂದೆ? ಇದು ಇನ್ನೂ ಮುಗಿದಿಲ್ಲ” ಎಂದನು.

ದ್ಯಾಮವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. “ಅವ್ವ ಕಾಯಲಿಲ್ಲ. ನಾನೂ ಕಾಯಲಿಲ್ಲ” ಎಂದಳು.

ಅತ್ತೆ ಸತ್ತು ಎಂಟು ತಿಂಗಳಾಗಿತ್ತು. ಆ ವಿಷಯವಾಗಿ ಹೆಂಡತಿ ಆಡಿದ ಮೊದಲನೆಯ ಮಾತು ಅದು.

ದ್ಯಾಮವ್ವ ಎದ್ದು ಒಂದು ತಂಬಿಗೆ ನೀರು ತಂದು ಹೊಸಿಲ ಬಳಿ ಇಟ್ಟಳು. ಅವನು ಬಹಳ ಹೊತ್ತು ಅದನ್ನು ನೋಡುತ್ತ ನಿಂತನು. ಆಮೇಲೆ ಹೆಗಲಿನ ತಿದಿಯನ್ನು ಇಳಿಸಿದನು, ಕಾಲು ತೊಳೆದುಕೊಂಡು ಒಳಗೆ ಹೋದನು.

ಮಾರುವವನು ಹಾಗೆ ಕಾಲು ತೊಳೆಯುವುದಿಲ್ಲ ಎಂದು ವ್ಯಾಪಾರಿಗೆ ತಿಳಿಯಿತು. ಅವನು ಬೆಲೆ ಕೇಳಲಿಲ್ಲ. ಕೊಟ್ಟ ರೊಟ್ಟಿ ತಿಂದು, ಮಜ್ಜಿಗೆ ಕುಡಿದು, ಬಂದ ದಾರಿಯಲ್ಲಿ ಹೋದನು.

ಆ ಮನೆಯ ಕೆಲಸ ಆಮೇಲೆ ಒಂಬತ್ತು ವರ್ಷ ನಡೆಯಿತು. ಒಂದು ವರ್ಷ ಒಂದು ಕಿಟಕಿ, ಮತ್ತೊಂದು ವರ್ಷ ನಾಲ್ಕು ಜಂತಿ. ಕೆಲವು ವರ್ಷ ಏನೂ ಇಲ್ಲ. ಪಡುವಣ ಕೋಣೆಗೆ ಮಾಳಿಗೆ ಬರಲೇ ಇಲ್ಲ. ಅಲ್ಲಿ ದ್ಯಾಮವ್ವ ಹೀರೆ ಬಳ್ಳಿ ಹಬ್ಬಿಸಿದಳು. ಹಾಲು ಉಕ್ಕಿಸುವುದು ಯಾವಾಗ ಎಂದು ಯಾರಾದರೂ ಕೇಳಿದರೆ ಕಲಾಯಿಗಾರನು ಮೊದಮೊದಲು ನಾಚುತ್ತಿದ್ದನು. ಬರಬರುತ್ತ, “ದಿನಾ ಉಕ್ಕುತ್ತದೆ, ಇವಳು ಬೇರೆ ಏನೋ ಮಾಡುತ್ತಿರುತ್ತಾಳೆ” ಎನ್ನತೊಡಗಿದನು. ದ್ಯಾಮವ್ವನ ಕಡೆಯವರು ಬಂದು ವಾರಗಟ್ಟಲೆ ಇರುತ್ತಿದ್ದರು. ಬರಬೇಕಾಗಿದ್ದವಳು ಮಾತ್ರ ಬರಲಿಲ್ಲ. ಅದನ್ನು ಅವನಿಗೆ ಯಾವ ಕೆಲಸದಿಂದಲೂ ಸರಿಮಾಡಲಾಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನು ಹೇಳಿದನು: “ನಾನು ಮುಗಿಯಲಿ ಎಂದು ಕಾಯುತ್ತಿದ್ದೇನೆ ಎನ್ನುವುದು ತಿಳಿಯಿತು. ಆದರೂ ಒಂದು ಸಂದೇಹ. ಅವಳು ಹೋದದ್ದು ಮಳೆಗಾಲದಲ್ಲಿ. ಮನೆ ಏಳು ಕಡೆ ಸೋರುತ್ತಿತ್ತು. ನನ್ನೊಳಗೆ ನೋಡಿಕೊಂಡರೆ ಕೂರುವಷ್ಟು ಒಣಗಿದ ಜಾಗ ಎಲ್ಲಿಯೂ ಕಾಣುವುದಿಲ್ಲ. ಮೊದಲ ದಿನ ಆಕೆ ಒಲೆ ಹೂಡಿದ್ದು ಎಲ್ಲಿ?”

ಗುರುಗಳು ಹೇಳಿದರು: “ಒದ್ದೆಯಲ್ಲಿ.”

ಶಿಷ್ಯನು ಆ ಸಂಜೆಯೇ ಧ್ಯಾನಕ್ಕೆ ಕುಳಿತನು.