ಮೋನಪ್ಪ ಹಳೇ ಮಷಿನ್ ತಂದದ್ದು

ನಗಬ್ಯಾಡ್ರಿ ಅಂದ್ರ ನೀವು ಕೇಳವರಲ್ಲ. ನಗ್ರಿ, ಆದ್ರ ಪೂರಾ ಕೇಳಿ ನಗ್ರಿ.

ಗದಗಿನ ಸ್ಟೇಶನ್ ಹಿಂದಿನ ಓಣ್ಯಾಗ ಸಿದ್ದವ್ವ ಅಂತ ಒಬ್ಬಾಕಿ ಇದ್ಲು. ಖಾನಾವಳ್ಯಾಗ ರೊಟ್ಟಿ ಬಡೀತಿದ್ಲು. ಆಕಿಗೆ ಒಬ್ಬನ ಮಗ, ಮೋನಪ್ಪ. ಮೂವತ್ತು ವರ್ಷದ ಆಳು, ಬುದ್ಧಿ ಮಾತ್ರ ಹೇಳಿದಷ್ಟ ಮಾಡೂವಂಥಾದ್ದು. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮಿ ಇಲ್ಲ. ಅವ್ವ ಮುಂಜಾನೆ ಹ್ವಾದ್ರ ಸಂಜಿಗೆ ಬರಾಕಿ. ಅಲ್ಲೀತನಕ ಅವನ ಕೂಡ ಮಾತಾಡಾಕ ಇದ್ದದ್ದು ಗ್ವಾಡಿ ಒಂದ. ಓಣಿ ಮಂದಿ ಅವನ್ನ ಕಂಡ್ರ ನಗತಿದ್ರು, ನಕ್ಕು ಮುಂದ ಹೋಗತಿದ್ರು.

ಒಂದಿನ ಅಂದ, "ಯವ್ವಾ, ನಾ ಬಡಿಗತನ ಕಲೀತೀನಿ. ಬಡಿಗ್ಯಾರ ಅಂಗಡ್ಯಾಗ ದಿನಾ ನಾಕು ಮಂದಿ ಕುಂತಿರ್ತಾರ."

ಸಿದ್ದವ್ವ ಅವನ ತಲಿ ಸವರಿದ್ಲು. "ಕಲಿಯೋ ನನ್ನಪ್ಪಾ. ನಾ ಹ್ವಾದಮ್ಯಾಲೆ ಕೈಯಾಗ ಒಂದು ಕಸುಬರೆ ಇರ್ಲಿ. ಗುಜರಿ ದಾವಲಸಾಬರ ಕಡೆ ಹಳೇ ಮಷಿನ್ ಸಿಗತಾವ. ಹಂಗ ತರಬ್ಯಾಡ ಮತ್ತ, ಓಡಿಸಿ ನೋಡಿ ತಗೊಂಬಾ!"

ಹ್ವಾದ. ತೂತು ಹೊಡಿಯೋ ಡ್ರಿಲ್ ಮಷಿನ್ ಒಂದು ತಗೊಂಡ. ಓಡಿಸಿ ನೋಡಬೇಕಲ್ಲ? ವಾಯರ್ ಹಿಡಕೊಂಡು, ಡಾಂಬರ್ ರಸ್ತಾದ ಮ್ಯಾಲೆ ಆಕಳ ಕರಾ ಎಳದಂಗ ಎಳಕೊಂಡು ಓಡಿದ್ನೋ ಓಡಿದ! ದಾವಲಸಾಬ ಹಿಂದಿಂದ, "ಏ ತಮ್ಮಾ, ನಿಲ್ಲೋ!" ಅಂದ್ರ, "ಓಡಾಕತ್ತೈತ್ರಿ, ಚೊಲೋ ಐತಿ!" ಅಂದ. ಮನಿ ಮುಟ್ಟೂದ್ರಾಗ ಕೈಯಾಗ ವಾಯರ್ ಅಷ್ಟ ಉಳಿದಿತ್ತು.

ಅವ್ವ ಹಣಿ ಬಡಕೊಂಡ್ಲು. "ಅಯ್ಯ ಹುಚ್ಚಪ್ಯಾಲಿ! ಎಳಕೊಂಡು ಬರತಾರೇನೋ? ಕೂಸಿನಂಗ ಜ್ವಾಕಿ ಮಾಡಬೇಕೋ!"

"ಆತು ಬಿಡಬೇ, ಕೂಸಿನಂಗ ಮಾಡತೀನಿ."

ಮತ್ತ ಹ್ವಾದ. ಈ ಸಲ ಹಲಿಗಿ ಹೆರಿಯೋ ಮಷಿನ್. ಎದಿಗವಚಿಕೊಂಡು ತಂದ. ಎಣ್ಣಿ ಹಚ್ಚಿದ, ಬಿಸಿನೀರು ಎರದ, ಲೋಬಾನದ ಹೊಗಿ ಹಾಕಿದ, ಹಳೇ ಸೀರಿ ಕಟ್ಟಿ ತೂಗಿದ. ತೂಗತಾ ತೂಗತಾ ಅದರ ಕೂಡ ಮಾತಾಡಿದ. ಅಷ್ಟು ಮಾತು ಅಂವ ಯಾರ ಕೂಡಾನೂ ಆಡಿದ್ದಿಲ್ಲ. ಅದು ನಗಲಿಲ್ಲ ನೋಡ್ರಿ, ಅದಕ್ಕ.

ಸಂಜಿಕ ಅವ್ವ ಬಂದು, "ಹಚ್ಚಿ ತೋರ್ಸೋ" ಅಂದ್ಲು. ಹಚ್ಚಿದ. ಟಪ್! ಓಣಿಗೆ ಓಣೀನ ಕರೆಂಟ್ ಹೋತು. ಮಷಿನ್ನಿಂದ ನೀರು ತೊಟ್ಟಿಕ್ಕೂದು ಅವ್ವಗ ಕೇಳಿಸಿತು.

"ನೀರು ಎರದೀಯಾ? ಕರೆಂಟಿನ ಸಾಮಾನಿಗೆ? ಜೀವ ಹೋಗತಿತ್ತಲ್ಲೋ! ಇನ್ನಮ್ಯಾಲೆ ಒಬ್ಬನ ಇದ್ದಾಗ ಮಷಿನ್ ಮುಟ್ಟಿದ್ರ ನೋಡು! ಬಾಜೂಕ ಒಬ್ಬ ಮನಷ್ಯಾ ಇರಬೇಕು!"

"ಎಲ್ಲಿಂದ ತರ್ಲಿ ಯವ್ವಾ?"

"ಎಲ್ಲಿ ಸಿಗತಾರೋ ಅಲ್ಲಿಂದ ತಗೊಂಬಾ, ಹೋಗು!"

ಮರುದಿನ ಮೋನಪ್ಪ ಮನಿ ಮನಿ ಬಾಗಿಲಕ್ಕ ನಿಂತ. "ಬರ್ರಿ, ಬಾಜೂಕ ಕುಂಡ್ರ ಬರ್ರಿ." ಒಬ್ಬರಿಗೆ ಕೆಲಸ, ಒಬ್ಬರಿಗೆ ನಿದ್ದಿ, ಒಬ್ಬರಿಗೆ ನಗು. ಓಣಿ ಮುಗೀತು. ಕಡೀಕ ಗುಜರಿ ಅಂಗಡಿಗೆ ಹ್ವಾದ.

"ಸಾಹೇಬ್ರ, ಗರಗಸದ ಮಷಿನ್ ಒಂದು ಕೊಡ್ರಿ. ಅದರ ಕೂಡ ಒಬ್ಬ ಮನಷ್ಯಾನ್ನೂ ಕೊಡ್ರಿ."

"ಎಂಥಾ ಮನಷ್ಯಾ ಬೇಕೋ?"

"ಹಳಬ ಆದ್ರೂ ನಡೀತೈತ್ರಿ. ರಿಪೇರಿ ಇದ್ರೂ ನಡೀತೈತಿ. ಬಾಜೂಕ ಕುಂತ್ರ ಸಾಕು."

ದಾವಲಸಾಬ ನಗಾಕ ಬಾಯಿ ತೆರದ. ನಗು ಬರಲಿಲ್ಲ. ಹೆಂಡ್ತಿ ಸತ್ತು ಎರಡು ವರ್ಷಾಗಿತ್ತು, ಅಂಗಡ್ಯಾಗ ಉಣ್ಣತಿದ್ದ, ಅಂಗಡ್ಯಾಗ ಮಲಗತಿದ್ದ.

"ಒಬ್ಬ ಅದಾನ," ಅಂದ. "ಮಣಕಾಲು ಸವದಾವ. ಒಂದು ಕಿವಿ ಕೇಳೂದಿಲ್ಲ. ನಡೀತೈತೇನು?"

"ನಡೀತೈತ್ರಿ!"

ಮುದುಕ ದಾವಲಸಾಬ ತಾನ ಎದ್ದು ಅಂಗಡಿ ಬಾಗಿಲಾ ಎಳದ. ಗಿರಾಕಿಗೆಲ್ಲಾ ಹೇಳೋ ಮಾತು ತಮಾಷಿಗೆ ಹೇಳಿದ, "ನೋಡಪಾ, ಒಮ್ಮೆ ಒಯ್ದ ಮಾಲು ವಾಪಸ್ ತಗೊಳ್ಳಂಗಿಲ್ಲ."

"ಆತ್ರಿ."

ಗರಗಸದ ಮಷಿನ್ ತಗೊಂಡು ಇಬ್ಬರೂ ಮೋನಪ್ಪನ ಮನಿಗೆ ಬಂದ್ರು. ಮುದುಕ ಬಾಜೂಕ ಕುಂತ, "ಹಿಂಗ ಹಿಡಿ, ಕೈಬೆರಳು ಈ ಕಡೆ ಇಡು" ಅಂತ ತೋರಿಸಿದ. ಮೋನಪ್ಪ ಮೊದಲನೇ ಹಲಿಗಿ ನೆಟ್ಟಗ ಕೊಯ್ದ. ಹೊತ್ತು ಇಳೀತು. ಮುದುಕ ಎದ್ದು, "ಬರ್ತೀನಪಾ" ಅಂದ.

ಮೋನಪ್ಪ ಓಡಿಹೋಗಿ ಚಿಲಕಾ ಹಾಕಿ, ಬಾಗಿಲಕ್ಕ ಬೆನ್ನು ಕೊಟ್ಟು ಕುಂತ.

ಅಷ್ಟರಾಗ ಸಿದ್ದವ್ವ ಬಂದ್ಲು. "ಬಾಗಿಲಾ ತೆಗಿಯೋ!"

"ತೆಗಿಯಂಗಿಲ್ಲ ಯವ್ವಾ! ಮನಷ್ಯಾನ್ನ ತಂದೀನಿ. ತೆಗದ್ರ ಹೋಗಿಬಿಡ್ತಾರ!"

"ಬಿಡೋ ಅವರನ್ನ, ಮೂಳಾ!"

"ಹೆಂಗ ಬಿಡ್ಲಿ? ಒಯ್ದ ಮಾಲು ವಾಪಸ್ ತಗೊಳ್ಳಂಗಿಲ್ಲ ಅಂತ ಅವರ ಹೇಳ್ಯಾರ!"

ಒಳಗಿಂದ ಮುದುಕನ ದನಿ ಬಂತು. "ಖರೇ ಐತ್ರಿ ಅಕ್ಕಾರ. ನಾನ ಹೇಳೀನಿ."

ಸಿದ್ದವ್ವ ಮತ್ತ ಬಾಗಿಲಾ ಬಡೀಲಿಲ್ಲ. ಇಬ್ಬರೂ ಉಣ್ರಿ ಅಂತ ರೊಟ್ಟಿ ಗಂಟು ಕಿಡಕ್ಯಾಗಿಂದ ಒಳಗ ಕೊಟ್ಲು. ಕೊಟ್ಟು, ಹೊರಗ ಕಟ್ಟಿ ಮ್ಯಾಲೆ ಒಬ್ಬಾಕೀನ ಕುಂತ್ಲು.